ಎಂಟನೇ ಕ್ಲಾಸ್ ಮಗಳಿಗೆ ಸಿವಿಕ್ಸ್, ಜಿಯಾಗ್ರಫಿ: ಅಮೆರಿಕದಲ್ಲಿರೋ ಅಪ್ಪ ಅಮ್ಮಂದಿರು ಮನೇಲಿ ಹೆಂಗೆ ಹೇಳಿಕೊಡ್ತಿದ್ದೀರ?

ತುಂಗಾತೀರ (ಕೊಲಂಬಸ್, ಒಹಾಯೊ):
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಇಲ್ಲೇ ಹುಟ್ಟಿದವಳು, ಓದೋದ್ರಲ್ಲಿ ಚುರುಕು. ಸರ್ಕಾರಕ್ಕೆ ಮೂರು ಬ್ರಾಂಚು, ಸೆನೆಟ್‌ನಲ್ಲಿ 100 ಜನ, ಹೌಸ್‌ನಲ್ಲಿ 435, ಸುಪ್ರೀಂ ಕೋರ್ಟಲ್ಲಿ 9 ಜಡ್ಜು, ಸಂವಿಧಾನಕ್ಕೆ 27 ತಿದ್ದುಪಡಿ, ಎಲ್ಲಾ ಪಟಪಟ ಅಂತ ಹೇಳ್ತಾಳೆ. ಆದ್ರೆ ಹೋದ ಚಳಿಗಾಲದಲ್ಲಿ ಹಿಮ ಬಿದ್ದು ಸ್ಕೂಲಿಗೆ ರಜಾ ಕೊಟ್ಟಾಗ ಇದನ್ನ ತೀರ್ಮಾನ ಮಾಡಿದ್ದು ಯಾರು ಅಂತ ಕೇಳಿದೆ, ಗವರ್ನರ್ ಅಂದಳು. ರಸ್ತೆಗೆ ಗಾಡಿ ತರಬೇಡಿ ಅಂತ ಹೇಳಿದ್ದು ಯಾರು ಅಂದ್ರೆ ಅದೂ ಗವರ್ನರ್ರೇ. ಮನೆ ತೆರಿಗೆ ಎಲ್ಲಿಗೆ ಹೋಗುತ್ತೆ ಅಂದ್ರೆ ವಾಷಿಂಗ್ಟನ್‌ಗೆ ಅಂತಾಳೆ. ರಜಾ ಕೊಡೋದು ಆ ಭಾಗದ ಸರ್ಕಾರಿ ಶಾಲೆಗಳನ್ನ ನಡೆಸೋ ಸ್ಕೂಲ್ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟು, ಒಹಾಯೊದಲ್ಲಿ ಸ್ನೋ ಎಮರ್ಜೆನ್ಸಿ ಲೆವೆಲ್ ಒಂದು ಎರಡು ಮೂರು ಅಂತ ಘೋಷಣೆ ಮಾಡೋದು ಕೌಂಟಿ (ನಮ್ಮ ಜಿಲ್ಲೆ ಥರ) ಶೆರಿಫ್, ಅಂದ್ರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಮನೆ ತೆರಿಗೆಯಲ್ಲಿ ದೊಡ್ಡ ಪಾಲು ಹೋಗೋದು ಅವಳದೇ ಸ್ಕೂಲಿಗೆ. ದಿನಾ ಅವಳ ಬದುಕನ್ನ ಮುಟ್ಟೋ ಸರ್ಕಾರ ಯಾವುದೋ ಅದೇ ಅವಳಿಗೆ ಗೊತ್ತಿಲ್ಲ ಅನ್ನೋದು ನನಗೆ ನಿಜವಾಗ್ಲೂ ಸಂಕಟ.

ನಾವಿಬ್ರೂ ಎಚ್ ಒನ್ ಬಿ ಕೆಲಸದ ವೀಸಾ ಮೇಲಿದ್ದೀವಿ, ನಮಗೆ ಮತ ಇಲ್ಲ. ಆದ್ರೆ ಇನ್ನು ಕೆಲವೇ ವರ್ಷಕ್ಕೆ ನಮ್ಮ ಮನೆಯ ಮೊದಲ ಮತದಾರಳು ಅವಳೇ ಆಗ್ತಾಳೆ. ಸಾಮಾನ್ಯವಾಗಿ ಮಕ್ಕಳು ಓಟಿನ ಬಗ್ಗೆ ಕಲಿಯೋದು ಅಪ್ಪ ಅಮ್ಮನ ಜೊತೆ ಬೂತಿಗೆ ಹೋಗಿ, ಇವಳಿಗೆ ಆ ದಾರಿನೇ ಇಲ್ಲ. ನೀವೆಲ್ಲ ಏನು ಮಾಡ್ತಿದ್ದೀರ ಹೇಳಿ.

ಬೆಣ್ಣೆದೋಸೆ (ಎಡಿಸನ್, ನ್ಯೂ ಜೆರ್ಸಿ):
ಸಿಟಿಜನ್‌ಶಿಪ್ ಪರೀಕ್ಷೆಯ ಪ್ರಶ್ನೆ ಪಟ್ಟಿ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ ಮೇಡಂ. ಪುಕ್ಕಟೆ ಸಿಗುತ್ತೆ. ಮೊದಲು 100 ಪ್ರಶ್ನೆ ಇತ್ತು, ಅದರಲ್ಲಿ 10 ಕೇಳಿ 6 ಸರಿ ಹೇಳಿದ್ರೆ ಪಾಸು. 2025 ಅಕ್ಟೋಬರ್ 20ರಿಂದ ಈಚೆಗೆ ಎನ್-400 ಅನ್ನೋ ಸಿಟಿಜನ್‌ಶಿಪ್ ಅರ್ಜಿ ಹಾಕಿದವರಿಗೆ ಪಟ್ಟಿ 128 ಆಯ್ತು, ಕೇಳೋದು 20, ಸರಿ ಇರಬೇಕಾದ್ದು 12. ನಾನು ನನ್ನ ಹೆಂಡತಿ ಹಳೇ ಪಟ್ಟಿ ಓದಿ ಪಾಸಾದ್ವಿ, ಆಗ ಮಗನೇ ನಮಗೆ ಪ್ರಶ್ನೆ ಕೇಳೋನು, ನಮಗಿಂತ ಮೊದಲು ಅವನಿಗೇ ಬಾಯಿಪಾಠ ಆಯ್ತು. ಎಷ್ಟೋ ರಾಜ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೂ ಇದೇ ಪರೀಕ್ಷೆ ಇಡ್ತಿದ್ದಾರೆ. ಮೊದಲು ಶುರು ಮಾಡಿದ್ದು ಅರಿಜೋನಾ, 2015ರಲ್ಲಿ ಕಾನೂನು ಮಾಡಿ 100ಕ್ಕೆ 60 ಬರದೇ ಇದ್ರೆ ಡಿಪ್ಲೊಮಾ ಇಲ್ಲ ಅಂದ್ರು.

ಹುಬ್ಬಳ್ಳಿಯವ (ಹ್ಯೂಸ್ಟನ್, ಟೆಕ್ಸಾಸ್):
ಪಟ್ಟಿ ಛಲೋನ ಐತ್ರಿ, ಆದ್ರ ಅಕ್ಕಾರು ಕೇಳಿದ್ದು ಅದಲ್ಲ ಅನಸ್ತದ. ಆ ಪಟ್ಟಿ ಪೂರ್ತಿ ವಾಷಿಂಗ್ಟನ್ ಸುತ್ತಮುತ್ತನ ತಿರಗತದ. ನಿಮ್ಮ ಗವರ್ನರ್ ಯಾರು, ನಿಮ್ಮ ರಾಜ್ಯದ ರಾಜಧಾನಿ ಯಾವ್ದು, ಇಂಥಾವು ಒಂದೆರಡು ಬಿಟ್ರ ಕೌಂಟಿ, ಸ್ಕೂಲ್ ಬೋರ್ಡ್ ಹೆಸರ ಇಲ್ಲ ಅದರಾಗ.

ನಮ್ಮ ಟೆಕ್ಸಾಸ್‌ನ್ಯಾಗ 254 ಕೌಂಟಿ ಅದಾವು, ಯಾವ ರಾಜ್ಯದಾಗೂ ಇಷ್ಟಿಲ್ಲ. ಪ್ರತಿ ಕೌಂಟಿಗೂ ಒಬ್ರು ಕೌಂಟಿ ಜಡ್ಜ್. ಹೆಸರು ಕೇಳಿ ಕೋರ್ಟಿನ್ಯಾಗ ತೀರ್ಪು ಕೊಡೋರು ಅಂತ ಮಕ್ಕಳು ತಿಳ್ಕೋತಾರ, ಆದ್ರ ಇಲ್ಲಿ ದೊಡ್ಡ ಕೌಂಟಿಗಳಾಗ ಅವ್ರ ಮುಖ್ಯ ಕೆಲಸ ನಾಲ್ಕು ಕಮಿಷನರ್ ಕೂಡ ಕುಂತು ಕೌಂಟಿಯ ಬಜೆಟ್ಟು ಆಡಳಿತ ನೋಡೋದು. ಚಂಡಮಾರುತ ಬಂದಾಗ ಊರು ಬಿಟ್ಟು ಹೊರಡ್ರಿ ಅಂತ ಹುಕುಂ ಕೊಡೋ ಅಧಿಕಾರ ಕೌಂಟಿ ಜಡ್ಜ್‌ಗೆ, ಮೇಯರ್‌ಗೆ ಐತಿ. 2017ರಾಗ ಹಾರ್ವಿ ಬಂದು ಹ್ಯೂಸ್ಟನ್ ಮುಳುಗಿದಾಗ ಟಿವಿ ಮುಂದ ಕುಂತ ನಮ್ಮ ಹುಡುಗರಿಗೆ ಗೊತ್ತಾತು ಯಾರ ಮಾತು ಮೊದಲ ಕೇಳಬೇಕು ಅಂತ. ಇನ್ನೊಂದು, ನಮ್ಮ ರಾಜ್ಯದ ಶಾಸನಸಭಾ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಾಗ, 140 ದಿನ ಅಷ್ಟ ಕೂಡ್ತದ. ನಡುವ ಏನರ ತುರ್ತು ಬಂದ್ರ ಗವರ್ನರ್ ವಿಶೇಷ ಅಧಿವೇಶನ ಕರೀಬೇಕು. ಪಕ್ಕದ ರಾಜ್ಯದಾಗ ಹಿಂಗ ಇರಬೇಕಂತ ಏನಿಲ್ಲ. ಒಂದ ದೇಶ ಅಂತ ಓದಿ ಕುಂತ್ರ ಇದೆಲ್ಲಾ ತಪ್ಪಿ ಹೋಗ್ತದ.

ನೇತ್ರಾವತಿ (ನೇಪರ್‌ವಿಲ್, ಇಲಿನಾಯ್):
ನಾನು ಮಿಡಲ್ ಸ್ಕೂಲಲ್ಲಿ ಸೋಶಿಯಲ್ ಸ್ಟಡೀಸ್ ಟೀಚರ್, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ತುಂಗಾತೀರ ಅವರೇ, ನಿಮ್ಮ ಮಗಳು ಹಿಂದೆ ಬಿದ್ದಿಲ್ಲ, ಬಹಳ ಮಕ್ಕಳಿಗಿಂತ ಮುಂದೆಯೇ ಇದ್ದಾಳೆ. ರಾಷ್ಟ್ರಮಟ್ಟದಲ್ಲಿ ಎಂಟನೇ ಕ್ಲಾಸಿಗೆ ನಡೆಯುವ ನೇಪ್ ಪರೀಕ್ಷೆಯಲ್ಲಿ 2022ರಲ್ಲಿ ಸಿವಿಕ್ಸಲ್ಲಿ ಪ್ರೊಫಿಶಿಯೆಂಟ್, ಅಂದ್ರೆ ವಿಷಯ ಚೆನ್ನಾಗಿ ಬಲ್ಲ ಮಟ್ಟ ಮುಟ್ಟಿದವರು ನೂರಕ್ಕೆ 22, ಅಮೆರಿಕದ ಚರಿತ್ರೆಯಲ್ಲಿ ನೂರಕ್ಕೆ 13 ಮಾತ್ರ. ಜಿಯಾಗ್ರಫಿ ಪರೀಕ್ಷೆ 2018ರಲ್ಲಿ ಆದದ್ದು, ಅದರಲ್ಲಿ 25. ಈ ಪರೀಕ್ಷೆ ಶುರುವಾದ ಮೇಲೆ ಸಿವಿಕ್ಸ್ ಅಂಕ ಇಳಿದದ್ದು 2022ರಲ್ಲೇ ಮೊದಲು.

ಕಾರಣ ಮಕ್ಕಳು ದಡ್ಡರು ಅಂತಲ್ಲ. 2002ರಲ್ಲಿ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು ಬಂದು ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ ರೀಡಿಂಗ್ ಮತ್ತು ಮ್ಯಾಥ್ ಪರೀಕ್ಷೆ ಕಡ್ಡಾಯ ಆಯ್ತು, ಸ್ಕೂಲಿನ ಹಣೆಬರಹ ಆ ಎರಡು ಅಂಕದ ಮೇಲೆ ನಿಂತಿತು, ಹಾಗಾಗಿ ಪ್ರೈಮರಿಯಲ್ಲಿ ಸೋಶಿಯಲ್ ಸ್ಟಡೀಸ್ ಪೀರಿಯಡ್‌ಗೆ ಮೊದಲು ಕತ್ತರಿ ಬಿತ್ತು. ಮಕ್ಕಳು ನನ್ನ ಕ್ಲಾಸಿಗೆ ಬರುವಾಗ ಕೌಂಟಿಗೂ ಸಿಟಿಗೂ ವ್ಯತ್ಯಾಸ ಗೊತ್ತಿರೋದಿಲ್ಲ, ಇಲಿನಾಯ್ ರಾಜಧಾನಿ ಶಿಕಾಗೋ ಅಂತಲೇ ಬಹಳ ಮಂದಿ ಬರೆಯುವುದು, ಸ್ಪ್ರಿಂಗ್‌ಫೀಲ್ಡ್ ಅಂದ್ರೆ ಅಚ್ಚರಿ ಪಡ್ತಾರೆ.

ನನ್ನ ಅನುಭವದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಸಿವಿಕ್ಸನ್ನು ಮ್ಯಾಪಿಂದ ಬೇರೆ ಮಾಡಿ ಕಲಿಸಿದ್ರೆ ಎರಡೂ ನಿಲ್ಲುವುದಿಲ್ಲ. ಒಹಾಯೊದಲ್ಲಿ ಇರುವ ನಿಮಗೆ ಇದು ಸುಲಭ. 1785ರ ಲ್ಯಾಂಡ್ ಆರ್ಡಿನೆನ್ಸ್ ಪ್ರಕಾರ ಸರ್ಕಾರಿ ಜಮೀನು ಅಳೆಯಲಿಕ್ಕೆ ಶುರು ಮಾಡಿದ್ದೇ ನಿಮ್ಮ ರಾಜ್ಯದ ಪೂರ್ವದ ಅಂಚಿನಿಂದ, ಒಹಾಯೊ ನದಿಯ ದಡದ ಈಸ್ಟ್ ಲಿವರ್‌ಪೂಲ್ ಹತ್ತಿರ. ಆರು ಮೈಲಿ ಉದ್ದ ಆರು ಮೈಲಿ ಅಗಲಕ್ಕೆ ಒಂದು ಟೌನ್‌ಶಿಪ್, ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್, ಅದರಲ್ಲಿ 16ನೇ ಸೆಕ್ಷನ್ ಶಾಲೆಗೆ ಮೀಸಲು. ಸಂವಿಧಾನ ಬರೆಯುವುದಕ್ಕಿಂತ ಎರಡು ವರ್ಷ ಮೊದಲೇ ಶಾಲೆಗೆ ಜಾಗ ಇಟ್ಟಿದ್ದರು ನೋಡಿ. ವಿಮಾನದಲ್ಲಿ ಕೂತು ಕೆಳಗೆ ನೋಡಿದ್ರೆ ಮಿಡ್‌ವೆಸ್ಟಿನ ಹೊಲ ರಸ್ತೆ ಎಲ್ಲ ಚೌಕ ಚೌಕ ಕಾಣುವುದು ಈ ಅಳತೆಯಿಂದಲೇ. ಟೌನ್‌ಶಿಪ್ ಅನ್ನುವುದು ಒಹಾಯೊದಲ್ಲಿ ಈಗಲೂ ಜೀವಂತ ಸರ್ಕಾರ, ಮೂರು ಟ್ರಸ್ಟಿಗಳನ್ನು ಜನರೇ ಆರಿಸ್ತಾರೆ. ನಿಮ್ಮ ಮನೆ ಸಿಟಿಯೊಳಗೆ ಉಂಟಾ ಟೌನ್‌ಶಿಪ್ಪಲ್ಲಿ ಉಂಟಾ ಅಂತ ಮಗಳಿಗೇ ಹುಡುಕಲಿಕ್ಕೆ ಹೇಳಿ.

ತುಂಗಾತೀರ:
ಇದು ನನಗೇ ಗೊತ್ತಿರ್ಲಿಲ್ಲ ಮೇಡಂ! ಈಗಲೇ ನೋಡಿದೆ, ನಾವು ಟೌನ್‌ಶಿಪ್ಪಲ್ಲಿದ್ದೀವಿ. ಪೋಸ್ಟಲ್ ವಿಳಾಸದಲ್ಲಿ ಕೊಲಂಬಸ್ ಅಂತಿರೋದ್ರಿಂದ ನಾವು ಸಿಟಿಯವರು ಅಂತಲೇ ಮಗಳು ಅಂದ್ಕೊಂಡಿದ್ದಾಳೆ. ಸ್ಕೂಲ್ ಡಿಸ್ಟ್ರಿಕ್ಟ್ ಗಡಿ ಮತ್ತೆ ಬೇರೆ. ಮೂರು ಗಡಿ ಮೂರು ಥರ.

ರಾಗಿಮುದ್ದೆ (ಸನ್ನಿವೇಲ್, ಕ್ಯಾಲಿಫೋರ್ನಿಯಾ):
ಬೇಜಾರು ಮಾಡ್ಕೋಬೇಡಿ, ನಾನು ಬೇರೆ ಮಾತು ಹೇಳ್ತೀನಿ. ಮಕ್ಕಳಿಗೆ ಮ್ಯಾಥ್, ಕೋಡಿಂಗ್, ಪಿಯಾನೋ, ಕನ್ನಡ ಕ್ಲಾಸು ಅಂತ ಆಗಲೇ ಉಸಿರಾಡೋಕೆ ಟೈಮಿಲ್ಲ. ಕೌಂಟಿ ಟೌನ್‌ಶಿಪ್ಪು ಎಲ್ಲಾ ಬೇಕಾದಾಗ ಗೂಗಲ್ ಮಾಡ್ಕೋತಾರೆ. ಕಾಲೇಜ್ ಅಡ್ಮಿಷನ್‌ಗೆ ಇದನ್ನ ಯಾರು ಕೇಳ್ತಾರೆ?

ಹುಬ್ಬಳ್ಳಿಯವ:
ಅಣ್ಣಾರ, ಗೂಗಲ್ ಮಾಡಾಕ ಏನು ಕೇಳಬೇಕು ಅನ್ನೋದರ ಗೊತ್ತಿರಬೇಕಲ್ರಿ. ಒಂದು ಕೇಸು ಹೇಳ್ತೀನಿ. ನಮ್ಮ ಸ್ಯಾನ್ ಆಂಟೋನಿಯೋದ ಬಡ ಮೆಕ್ಸಿಕನ್ ಕುಟುಂಬದವರು ನಮ್ಮ ಶಾಲೆಗೆ ರೊಕ್ಕ ಕಡಿಮಿ, ಪಕ್ಕದ ಶ್ರೀಮಂತರ ಓಣಿ ಶಾಲೆಗೆ ಜಾಸ್ತಿ, ಇದು ಅನ್ಯಾಯ ಅಂತ ಕೋರ್ಟಿಗೆ ಹೋದ್ರು. 1973ರಾಗ ಸುಪ್ರೀಂ ಕೋರ್ಟ್ 5-4ರಾಗ ಶಿಕ್ಷಣ ಅನ್ನೋದು ಫೆಡರಲ್ ಸಂವಿಧಾನದ ಮೂಲಭೂತ ಹಕ್ಕಲ್ಲ ಅಂತ ತೀರ್ಪು ಕೊಟ್ತು. ರಾಡ್ರಿಗಸ್ ಕೇಸು ಅಂತಾರ. ಅಂದ್ರ ನಿಮ್ಮ ಮಗುವಿನ ಸ್ಕೂಲ್ ಹೆಂಗಿರಬೇಕು ಅನ್ನೋದು ರಾಜ್ಯದ ಸಂವಿಧಾನ, ರಾಜ್ಯದ ಕೋರ್ಟು, ಸ್ಕೂಲ್ ಬೋರ್ಡು, ಮನಿ ತೆರಿಗಿ ಇವುಗಳ ಕೈಯಾಗ ಐತಿ. ಛಲೋ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ ಲಕ್ಷಗಟ್ಟಲೆ ಡಾಲರ್ ಜಾಸ್ತಿ ಕೊಟ್ಟು ಮನಿ ತೊಗೋತೀವಿ ನಾವೆಲ್ಲಾ. ಅದು ಯಾಕ ಛಲೋ ಆತು, ಪಕ್ಕದ್ದು ಯಾಕ ಆಗಲಿಲ್ಲ ಅನ್ನೋದನ್ನ ಮಕ್ಕಳಿಗೆ ಹೇಳಬೇಕಲ್ರಿ.

ನೇತ್ರಾವತಿ:
ಒಹಾಯೊದಲ್ಲಿಯೂ ಇದೇ ಜಗಳ ಆಗಿದೆ. 1997ರಲ್ಲಿ ಡೆರಾಲ್ಫ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಮನೆ ತೆರಿಗೆಯನ್ನೇ ಅತಿಯಾಗಿ ನೆಚ್ಚಿಕೊಂಡ ಶಾಲಾ ಹಣಕಾಸು ವ್ಯವಸ್ಥೆ ಒಹಾಯೊ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ನಂತರವೂ ಬಹಳ ವರ್ಷ ಅದು ಪೂರ್ತಿ ಸರಿಹೋಗಲಿಲ್ಲ. ಫೆಡರಲ್ ಕೋರ್ಟಲ್ಲಿ ಸೋತ ವಾದ ರಾಜ್ಯದ ಕೋರ್ಟಲ್ಲಿ ಗೆಲ್ಲಬಹುದು. ಪ್ರತಿ ರಾಜ್ಯಕ್ಕೂ ಅದರದ್ದೇ ಸಂವಿಧಾನ ಇದೆ ಅನ್ನುವುದು ಗೊತ್ತಿಲ್ಲದೆ ಇದು ಅರ್ಥ ಆಗುವುದಿಲ್ಲ. ರಾಗಿಮುದ್ದೆ ಅವರೇ, ಟೈಮಿನ ಕಷ್ಟ ನನಗೂ ಗೊತ್ತು, ಆದ್ರೆ ಇದಕ್ಕೆ ಇನ್ನೊಂದು ಕೋಚಿಂಗ್ ಕ್ಲಾಸ್ ಬೇಡ. ಮನೆಗೆ ಬರುವ ಕಾಗದಗಳನ್ನು ಮಗುವಿನ ಜೊತೆ ಓದಿದ್ರೆ ಸಾಕು.

ಮೇಷ್ಟ್ರು_ಶಿವಮೊಗ್ಗ (ಸದ್ಯ ಮಗನ ಮನೆ, ಅಟ್ಲಾಂಟಾ):
ನಾನು ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ. ಮೊಮ್ಮಗನ ಪುಸ್ತಕ ಓದ್ತಾ ಕೂತಿರ್ತೀನಿ, ಈ ಚರ್ಚೆ ನೋಡಿ ಬಹಳ ಸಂತೋಷ ಆಯ್ತು. ತುಂಗಾತೀರ ತಾಯಿ, ನಿಮಗೆ ಗೊತ್ತಿರೋ ಭಾರತದ ಪೌರನೀತಿಯನ್ನೇ ಮುಂದಿಟ್ಕೊಂಡು ಮಗಳ ಜೊತೆ ಹೋಲಿಸಿ ಮಾತಾಡಿ, ಅವಳು ತಾನಾಗೇ ಪ್ರಶ್ನೆ ಕೇಳ್ತಾಳೆ.

ರಾಜ್ಯಸಭೆಯನ್ನೇ ತಗೊಳ್ಳಿ. ಸದಸ್ಯರ ಅವಧಿ 6 ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಸೆನೆಟ್‌ನಲ್ಲೂ ಹೀಗೇ. ನಮ್ಮಲ್ಲಿ ಶಾಸಕರು ಆರಿಸ್ತಾರೆ, ಇಲ್ಲೂ 1913ರ 17ನೇ ತಿದ್ದುಪಡಿ ಬರೋವರೆಗೆ ರಾಜ್ಯದ ಶಾಸಕರೇ ಸೆನೆಟರ್‌ಗಳನ್ನ ಆರಿಸ್ತಿದ್ರು. ಆದ್ರೆ ದೊಡ್ಡ ವ್ಯತ್ಯಾಸ ಅಂದ್ರೆ ಸೀಟಿನ ಲೆಕ್ಕ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31, ಜನಸಂಖ್ಯೆ ನೋಡಿ ಹಂಚಿದ್ದು. ಇಲ್ಲಿ ಸುಮಾರು ಆರು ಲಕ್ಷ ಜನ ಇರೋ ವಯೋಮಿಂಗ್‌ಗೂ 2 ಸೀಟು, ನಾಲ್ಕು ಕೋಟಿ ಹತ್ತಿರ ಇರೋ ಕ್ಯಾಲಿಫೋರ್ನಿಯಾಗೂ 2 ಸೀಟು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯೋಕೆ ಕೂತವರು ಸಣ್ಣ ರಾಜ್ಯಗಳನ್ನ ಒಪ್ಪಿಸೋಕೆ ಮಾಡಿದ ಒಪ್ಪಂದ ಅದು. ಉಳಿಕೆ ಅಧಿಕಾರದ ವಿಷಯವೂ ಹಾಗೇ. ಇಲ್ಲಿ 10ನೇ ತಿದ್ದುಪಡಿ ಪ್ರಕಾರ ಕೇಂದ್ರಕ್ಕೆ ಕೊಡದೇ ಇದ್ದದ್ದೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ, ನಮ್ಮಲ್ಲಿ 248ನೇ ವಿಧಿ ಪ್ರಕಾರ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಸಂಸತ್ತಿಗೆ. ಮೇಲೆ ಹುಬ್ಬಳ್ಳಿಯವರು ಹೇಳಿದ ರಾಡ್ರಿಗಸ್ ತೀರ್ಪಿನ ಪಕ್ಕ ನಮ್ಮ 21ಎ ವಿಧಿ ಇಟ್ಟು ನೋಡಿ. 2002ರ 86ನೇ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಗೊತ್ತಾಗಲೇಬೇಕು. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಮಂಗಳೂರಿನವರು. ಅವರು 1947ರಲ್ಲಿ ಅಮೆರಿಕಕ್ಕೆ ಬಂದು ಇಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನ ಕಂಡು ಮಾತಾಡಿದ್ರು. ಅಮೆರಿಕದ ಸಂವಿಧಾನದಲ್ಲಿರೋ ಡ್ಯೂ ಪ್ರಾಸೆಸ್ (ನ್ಯಾಯಬದ್ಧ ಕ್ರಮ) ಅನ್ನೋ ಮಾತಿನಿಂದ ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಹೋಗುತ್ತೆ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದ್ರು. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ಅದರ ಬದಲು ಕಾನೂನು ವಿಧಿಸಿದ ಕಾರ್ಯವಿಧಾನ ಅನ್ನೋ ಮಾತು ಬಂತು. ಮಗಳು ಡ್ಯೂ ಪ್ರಾಸೆಸ್ ಮಾತಿರೋ ಐದನೇ ತಿದ್ದುಪಡಿ ಓದುವಾಗ ಈ ಕಥೆ ಹೇಳಿ ತಾಯಿ.

ಜೋಳದಹೊಲ (ಆನ್ ಆರ್ಬರ್, ಮಿಶಿಗನ್):
ನಾನು ಕಾಲೇಜಲ್ಲಿ ಪೊಲಿಟಿಕಲ್ ಸೈನ್ಸ್ ಓದ್ತಿದೀನಿ, ಇಲ್ಲೇ ಹುಟ್ಟಿದ್ದು, ಕನ್ನಡ ಕೂಟದ ಭಾನುವಾರದ ಶಾಲೇಲಿ ಕನ್ನಡ ಬರೆಯೋದು ಕಲಿತೆ. ಅಂಕಲ್, ಆಂಟಿ, ನಿಮ್ಮ ಮಕ್ಕಳ ವಯಸ್ಸಲ್ಲಿ ನನಗೆ ಸಿವಿಕ್ಸ್ ಯಾಕೆ ರುಚಿಸ್ಲಿಲ್ಲ ಅಂದ್ರೆ ಆ ಪುಸ್ತಕದಲ್ಲಿ ನಮ್ಮಂಥವರು ಯಾರೂ ಇರ್ಲಿಲ್ಲ. ಆಮೇಲೆ ಒಂದು ದಿನ ಭಗತ್ ಸಿಂಗ್ ಥಿಂಡ್ ಕೇಸ್ ಓದಿದೆ. ಪಂಜಾಬಿನಿಂದ ಬಂದು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಮನುಷ್ಯ, 1923ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ನೀನು ಬಿಳಿಯನಲ್ಲ, ಸಿಟಿಜನ್ ಆಗೋ ಹಾಗಿಲ್ಲ ಅಂತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಲೂಸ್ ಸೆಲ್ಲರ್ ಕಾನೂನಿಂದ, ಅದೂ ವರ್ಷಕ್ಕೆ 100 ಜನರ ಕೋಟಾ. ಹತ್ತೇ ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್‌ಗೆ ಗೆದ್ದರು. ನಿಮ್ಮಂಥವರು ಇಷ್ಟೊಂದು ಜನ ಬರೋಕೆ ದಾರಿ ಆಗಿದ್ದು 1965ರ ವಲಸೆ ಕಾನೂನು. ಇಲ್ಲಿ ಹುಟ್ಟಿದ ಮಗು ಸಿಟಿಜನ್ ಅನ್ನೋದು 14ನೇ ತಿದ್ದುಪಡಿ, ಅದನ್ನ ವಲಸಿಗರ ಮಗುವಿಗೂ ಅನ್ವಯ ಅಂತ ಸ್ಪಷ್ಟ ಮಾಡಿಸಿದ್ದು 1898ರ ವಾಂಗ್ ಕಿಮ್ ಆರ್ಕ್ ಕೇಸು. ಇದನ್ನೆಲ್ಲ ಓದಿದ ಮೇಲೆ ತಿದ್ದುಪಡಿಗಳ ನಂಬರು ನನಗೆ ಬಾಯಿಪಾಠ ಮಾಡಬೇಕಾಗಿ ಬರ್ಲೇ ಇಲ್ಲ.

ನಮ್ಮ ರಾಜ್ಯದ 13ನೇ ಕಾಂಗ್ರೆಸ್ ಡಿಸ್ಟ್ರಿಕ್ಟ್, ಡೆಟ್ರಾಯಿಟ್‌ನ ಬಹಳ ಭಾಗ ಇರೋದು, ಅಲ್ಲಿಂದ 2022ರಲ್ಲಿ ಗೆದ್ದ ಶ್ರೀ ಥಾನೇದಾರ್ ಬೆಳಗಾವಿಯಲ್ಲಿ ಬೆಳೆದವರು ಅಂತ ನಿಮ್ಮ ಮಕ್ಕಳಿಗೆ ಹೇಳಿ.

ಇನ್ನೊಂದು, ಮಕ್ಕಳಿಗೆ ಅವರದೇ ವಯಸ್ಸಿನವರ ಕೇಸು ಕೊಡಿ. 1969ರ ಟಿಂಕರ್ ಕೇಸಲ್ಲಿ ಅಯೋವಾದ ಮಕ್ಕಳು ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಕೊಂಡು ಸ್ಕೂಲಿಗೆ ಹೋಗಿ ಸಸ್ಪೆಂಡ್ ಆಗಿ ಸುಪ್ರೀಂ ಕೋರ್ಟಲ್ಲಿ ಗೆದ್ದರು. 1943ರ ಬಾರ್ನೆಟ್ ಕೇಸಲ್ಲಿ ಧ್ವಜಕ್ಕೆ ಪ್ಲೆಡ್ಜ್ ಹೇಳು ಅಂತ ಮಕ್ಕಳನ್ನ ಬಲವಂತ ಮಾಡೋ ಹಾಗಿಲ್ಲ ಅಂದ್ರು.

ಮೇಷ್ಟ್ರು_ಶಿವಮೊಗ್ಗ:
ಬಹಳ ಚೆನ್ನಾಗಿ ಬರೆದೆ ಮಗು. ನಮ್ಮಲ್ಲೂ 1986ರಲ್ಲಿ ಕೇರಳದ ಮೂರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತ್ರೂ ಧರ್ಮದ ಕಾರಣಕ್ಕೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಹಾಕಿದ್ದನ್ನ ನಮ್ಮ ಸುಪ್ರೀಂ ಕೋರ್ಟ್ ತಪ್ಪು ಅಂತು, ಬಿಜೋ ಇಮ್ಯಾನುಯೆಲ್ ಪ್ರಕರಣ. ಬಾರ್ನೆಟ್ ಕೇಸಲ್ಲೂ ಇದರಲ್ಲೂ ಮಕ್ಕಳು ಯೆಹೋವನ ಸಾಕ್ಷಿಗಳು ಅನ್ನೋ ಪಂಥದವರು. ಎರಡನ್ನೂ ಒಟ್ಟಿಗೆ ಓದಿಸಿ.

ಬೆಣ್ಣೆದೋಸೆ:
ಜಿಯಾಗ್ರಫಿ ಬಗ್ಗೆ ಯಾರೂ ಜಾಸ್ತಿ ಹೇಳ್ತಿಲ್ಲ. 50 ರಾಜ್ಯ 50 ರಾಜಧಾನಿ ಬಾಯಿಪಾಠ ಮಾಡ್ಸೋದು ಉಪಯೋಗ ಇದೆಯಾ ಇಲ್ವಾ? ನನ್ನ ಮಗ ನ್ಯೂಯಾರ್ಕ್‌ಗೆ ಆಲ್ಬನಿ, ನೆವಾಡಾಗೆ ಕಾರ್ಸನ್ ಸಿಟಿ ಅಂತ ಹಾಡಿನ ಥರ ಹೇಳ್ತಾನೆ, ಮ್ಯಾಪ್ ಕೊಟ್ರೆ ನೆವಾಡಾ ಎಲ್ಲಿದೆ ಅಂತ ತಡಕಾಡ್ತಾನೆ.

ನೇತ್ರಾವತಿ:
ನಾನು ನದಿಯಿಂದ ಶುರು ಮಾಡ್ತೇನೆ, ಹೆಸರು ಆಮೇಲೆ. ಕೊಲಂಬಸ್‌ನ ಸಯೋಟೋ ನದಿ ದಕ್ಷಿಣಕ್ಕೆ ಹೋಗಿ ಪೋರ್ಟ್ಸ್‌ಮತ್ ಹತ್ತಿರ ಒಹಾಯೊ ನದಿ ಸೇರ್ತದೆ, ಅದು ಇಲಿನಾಯಿಯ ಕೇರೋ ಹತ್ತಿರ ಮಿಸಿಸಿಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗ್ತದೆ. ಅದೇ ರಾಜ್ಯದ ಉತ್ತರದ ಕ್ಲೀವ್‌ಲ್ಯಾಂಡಿನ ಮಳೆ ನೀರು ಈರಿ ಸರೋವರಕ್ಕೆ ಹೋಗಿ ನಯಾಗರಾ ಹಾರಿ ಅಟ್ಲಾಂಟಿಕ್ ಸೇರ್ತದೆ. ಖಾಲಿ ಹಾಳೆಯಲ್ಲಿ ಮೊದಲು ಮಿಸಿಸಿಪಿ ಗೆರೆ, ಅದಕ್ಕೆ ಒಹಾಯೊ ಮತ್ತು ಮಿಸ್ಸೌರಿ ಕೈಗಳು, ಮೇಲೆ ಐದು ಸರೋವರ, ಪೂರ್ವಕ್ಕೆ ಅಪಲಾಚಿಯನ್, ಪಶ್ಚಿಮಕ್ಕೆ ರಾಕಿ. ಇಷ್ಟು ಕೈಯಲ್ಲಿ ಬರೆಯಲಿಕ್ಕೆ ಬಂದ ಮಗು ರಾಜ್ಯಗಳನ್ನು ತಾನೇ ಅದರೊಳಗೆ ಕೂರಿಸ್ತದೆ, ಯಾಕಂದ್ರೆ ಎಷ್ಟೋ ಗಡಿಗಳು ಈ ನದಿಗಳೇ.

ಮೇಷ್ಟ್ರು_ಶಿವಮೊಗ್ಗ:
ನದಿ ಅಂದಿರಲ್ಲ, ಕಾವೇರಿ ಗೊತ್ತಿರೋ ನಮ್ಮ ಮಕ್ಕಳಿಗೆ ಕೊಲೊರಾಡೋ ನದಿ ಹೇಳಿಕೊಡೋದು ಬಹಳ ಸುಲಭ. ಕಾವೇರಿಯ ಮೈಸೂರು ಮದ್ರಾಸು ಒಪ್ಪಂದ 1924ರದ್ದು, ಕೊಲೊರಾಡೋ ಕಾಂಪ್ಯಾಕ್ಟ್ 1922ರದ್ದು, ಅದು ಏಳು ರಾಜ್ಯಗಳ ನೀರು ಹಂಚಿಕೆ ಒಪ್ಪಂದ. ಮಳೆ ಚೆನ್ನಾಗಿದ್ದ ವರ್ಷಗಳ ಲೆಕ್ಕ ಹಿಡಿದು ನೀರು ಹಂಚಿದ್ರು, ಆಮೇಲೆ ನದಿಯಲ್ಲಿ ಅಷ್ಟು ನೀರೇ ಇಲ್ಲ. ಅರಿಜೋನಾ 1944ರವರೆಗೆ ಒಪ್ಪಂದಕ್ಕೆ ಒಪ್ಪಿಗೆ ಕೊಡಲಿಲ್ಲ, ಕೊನೆಗೆ ಕ್ಯಾಲಿಫೋರ್ನಿಯಾ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಿ 1963ರಲ್ಲಿ ಬಹುಪಾಲು ಗೆದ್ದಿತು. ರಾಜ್ಯ ರಾಜ್ಯ ಒಪ್ಪಂದ ಮಾಡ್ಕೊಂಡ್ರೆ ಅದಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು, ಜಗಳ ಆದ್ರೆ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು, ಈ ಎರಡು ನಿಯಮ ಆ ಒಂದು ನದಿಯಿಂದ ತಿಳಿಯುತ್ತೆ.

ರಾಗಿಮುದ್ದೆ:
ಕೊಲೊರಾಡೋ ವಿಷಯ ನನ್ನ ಮಗನಿಗೆ ಹೇಳಿದೆ, ನಮ್ಮ ರಾಜ್ಯದ ದಕ್ಷಿಣಕ್ಕೆ ಆ ನೀರು ಬರುತ್ತೆ ಅಂತ ತಿಳಿದು ಅವನೇ ಕೂತು ಮ್ಯಾಪ್ ತೆಗೆದ. ಸರಿ, ಮ್ಯಾಥ್ ಟೈಮಿಂದ ಕಡಿತ ಮಾಡಲ್ಲ, ಆದ್ರೆ ಊಟದ ಹೊತ್ತಲ್ಲಿ ಮಾತಾಡ್ತೀವಿ.

ತುಂಗಾತೀರ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನೇತ್ರಾವತಿ ಮೇಡಂ ಹೇಳಿದ ಹಾಗೆ ಮನೆ ತೆರಿಗೆ ಬಿಲ್ ತೆಗೆದು ಮಗಳ ಮುಂದೆ ಇಟ್ಟೆ. ಕೌಂಟಿ ಆಡಿಟರ್ ವೆಬ್‌ಸೈಟಲ್ಲಿ ಯಾವ ಡಾಲರ್ ಎಲ್ಲಿಗೆ ಅಂತ ಇದೆ, ಸ್ಕೂಲು, ಟೌನ್‌ಶಿಪ್ಪು, ಲೈಬ್ರರಿ, ಪಾರ್ಕು. ಲೈಬ್ರರಿಗೆ ನಾವು ದುಡ್ಡು ಕೊಡ್ತೀವಾ ಅಂತ ಆಶ್ಚರ್ಯಪಟ್ಟಳು. ರಸ್ತೆ ಬದಿ ಹುಲ್ಲಿನ ಮೇಲೆ ಸ್ಕೂಲ್ ಲೆವಿಗೆ (ಶಾಲೆಗಾಗಿ ಹಾಕೋ ಮನೆ ತೆರಿಗೆಗೆ) ಓಟು ಹಾಕಿ ಅಂತ ಬೋರ್ಡ್ ನೆಟ್ಟಿರ್ತಾರಲ್ಲ, ಅದೇನು ಅಂತಲೂ ಈಗ ಗೊತ್ತಾಯ್ತು. ನಾವು ತೆರಿಗೆ ಕಟ್ಟಿದ್ರೂ ಲೆವಿಗೆ ನೀವು ಓಟು ಹಾಕೋ ಹಾಗಿಲ್ವಾ ಅಂತ ಕೇಳಿದಳು, ಇಲ್ಲ ಅಂದೆ, ಸುಮಾರು ಹೊತ್ತು ಅದರ ಬಗ್ಗೆ ಮಾತಾಡಿದ್ವಿ. ಸ್ಕೂಲ್ ಬೋರ್ಡ್ ಮೀಟಿಂಗ್‌ಗೆ ನಾವು ಹೋಗಬಹುದಾ, ಸಿಟಿಜನ್ ಅಲ್ಲದಿದ್ರೂ?

ನೇತ್ರಾವತಿ:
ಧಾರಾಳವಾಗಿ ಹೋಗಿ, ಸಭೆ ಸಾರ್ವಜನಿಕ. ಪಬ್ಲಿಕ್ ಕಾಮೆಂಟ್ ಸಮಯ ಇದ್ದರೆ ಮೊದಲೇ ಹೆಸರು ಬರೆಸಬೇಕಾಗಬಹುದು, ವೆಬ್‌ಸೈಟ್ ನೋಡಿ. ಮಗಳನ್ನೂ ಕರ್ಕೊಂಡು ಹೋಗಿ, ಅಜೆಂಡಾ ಮೊದಲೇ ಓದಿಸಿ.

ಹುಬ್ಬಳ್ಳಿಯವ:
ಒಂದು ಎಚ್ಚರಿಕಿ ಎಲ್ಲಾರಿಗೂ. ಲೈಸೆನ್ಸ್ ಮಾಡಸಾಕ ಹೋದಾಗ ಕೌಂಟರಿನ್ಯಾಗ ವೋಟರ್ ರಿಜಿಸ್ಟ್ರೇಷನ್ ಮಾಡಸ್ತೀರೇನು ಅಂತ ರೂಢಿ ಪ್ರಕಾರ ಕೇಳ್ತಾರ. ವೀಸಾದವರು, ಗ್ರೀನ್ ಕಾರ್ಡಿನವರು ಅದಕ್ಕ ಹೂಂ ಅನಬ್ಯಾಡ್ರಿ, ಆ ಪೆಟ್ಟಿಗಿಗೆ ಟಿಕ್ ಹಾಕಬ್ಯಾಡ್ರಿ. ಗೊತ್ತಿಲ್ಲದ ಹಾಕಿದ್ರೂ ಸಿಟಿಜನ್ ಅಂತ ಸುಳ್ಳು ಹೇಳಿಧಂಗಾಗಿ ಮುಂದ ಇಮಿಗ್ರೇಷನ್‌ಗೆ ಭಾರಿ ತೊಂದರಿ ಆಗಬಹುದು. ಮಕ್ಕಳಿಗೂ ಹೇಳಿ ಇಡ್ರಿ, ನಮಗ ಯಾಕ ಮತ ಇಲ್ಲ, ಅವ್ರಿಗೆ ಯಾಕ ಐತಿ ಅಂತ.

ಜೋಳದಹೊಲ:
ಆಂಟಿ, ಒಹಾಯೊದಲ್ಲಿ ಸಿಟಿಜನ್ ಆಗಿರೋ 17 ವರ್ಷದ ಹೈಸ್ಕೂಲ್ ಸೀನಿಯರ್‌ಗಳು ಚುನಾವಣೆ ದಿನ ಬೂತಲ್ಲಿ ಪೋಲ್ ವರ್ಕರ್ ಆಗಿ ಕೆಲಸ ಮಾಡಬಹುದು, ಸಂಬಳವೂ ಇದೆ. ನವೆಂಬರ್ ಚುನಾವಣೆ ಹೊತ್ತಿಗೆ 18 ತುಂಬೋದಾದ್ರೆ 17ಕ್ಕೇ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಮೊದಲ ಸುತ್ತಿನ ಚುನಾವಣೆಯಲ್ಲಿ) ಅಭ್ಯರ್ಥಿಗಳಿಗೆ ಮತ ಹಾಕಬಹುದು, ಆದ್ರೆ ಆಗ ಲೆವಿ ಥರದ ವಿಷಯಗಳಿಗೆ ಹಾಕೋಕಾಗಲ್ಲ. ನಿಮ್ಮ ಮಗಳಿಗೆ ಈಗಲೇ ಹೇಳಿಡಿ, ಬೂತ್ ಒಳಗೆ ಹೋಗೋಕೆ ಅಪ್ಪ ಅಮ್ಮನ ಜೊತೆಗೇ ಹೋಗಬೇಕು ಅಂತಿಲ್ಲ.

ತುಂಗಾತೀರ:
ಇದನ್ನ ಓದಿ ಹೇಳಿದೆ, ಅರ್ಜಿ ಯಾರಿಗೆ ಕೊಡಬೇಕು ಅಂತ ಕೇಳಿದಳು. ಕೌಂಟಿ ಬೋರ್ಡ್ ಆಫ್ ಎಲೆಕ್ಷನ್ಸ್‌ಗೆ ಅಂತ ಅವಳೇ ಹುಡುಕಿದಳು. ಮುಂದಿನ ಸ್ಕೂಲ್ ಬೋರ್ಡ್ ಮೀಟಿಂಗ್‌ಗೆ ಇಬ್ರೂ ಹೋಗ್ತಿದ್ದೀವಿ, ಬಂದು ಇಲ್ಲೇ ಬರೀತೀನಿ.